ನಾಯಿಯ ಲಿಂಫೋಮಾ: ಗಂಟಿಗೆ ಸರಿಯಾದ ಹೆಸರು ಸಿಗುವುದು ಹೇಗೆ, ‘ಇನ್ನೆಷ್ಟು ದಿನ’ ಎಂಬ ಲೆಕ್ಕ ಬರುವುದು ಎಲ್ಲಿಂದ

ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿದೆ. ಹಿಂಗಾಲಿನ ಮಂಡಿಯ ಹಿಂದೆ ಮುಟ್ಟಿ ನೋಡಿದರೆ ಅಲ್ಲೂ ಒಂದು. ಒತ್ತಿದರೆ ನೋವಿಲ್ಲ, ನಾಯಿ ಎಂದಿನಂತೆ ಉಣ್ಣುತ್ತಿದೆ, ಓಡಾಡುತ್ತಿದೆ. ಪಶುವೈದ್ಯರು ‘ಲಿಂಫೋಮಾ ಇರಬಹುದು’ ಎಂದ ಕೂಡಲೇ ಮನೆಯವರು ಕೇಳುವುದು ಒಂದೇ: ಇನ್ನೆಷ್ಟು ದಿನ? ಒಂದು ತಿಂಗಳು ಎಂದರೂ ತಪ್ಪಾಗಬಹುದು, ಎರಡು ವರ್ಷ ಎಂದರೂ ತಪ್ಪಾಗಬಹುದು. ಲಿಂಫೋಮಾ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಕ್ಯಾನ್ಸರ್, ಒಂದು ಕಾಯಿಲೆಯ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ನಿಮ್ಮ ನಾಯಿಗೆ ಬಂದಿರುವುದು ಆ ಕುಟುಂಬದ ಯಾವ ಸದಸ್ಯ ಎಂದು ತಿಳಿಯುವವರೆಗೆ ಯಾರು ಹೇಳಿದ ಲೆಕ್ಕವೂ ಊಹೆಯೇ.

ನಾಯಿ ಸಾಕಿದವರು ಮತ್ತು ಮೊದಲ ಸೂಜಿ ಹಾಕುವ ವೈದ್ಯರು, ಇಬ್ಬರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಿದೆ.

ಮೊದಲು, ಮಾಡಬಾರದ ಕೆಲಸ

ಮಾದರಿ ತೆಗೆಯುವ ಮುನ್ನ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಸೋನ್ ಕೊಡಬೇಡಿ. ಸ್ಟೀರಾಯ್ಡ್ ಬಿದ್ದರೆ ಲಿಂಫೋಮಾದ ಗಂಟು ಎರಡು ಮೂರು ದಿನದಲ್ಲಿ ಕರಗಲು ಶುರುವಾಗುತ್ತದೆ. ಮನೆಯವರಿಗೆ ಖುಷಿ, ವೈದ್ಯರಿಗೂ ಸಮಾಧಾನ. ಆದರೆ ಆಮೇಲೆ ತೆಗೆದ ತುಂಡಿನಲ್ಲಿ ಸತ್ತ ಕೋಶಗಳೇ ಹೆಚ್ಚು ಕಾಣುತ್ತವೆ. ಲ್ಯಾಬಿನಲ್ಲಿ ಮಾದರಿ ನೋಡುವ ಪೆಥಾಲಜಿಸ್ಟ್ ‘ಖಚಿತವಾಗಿ ಹೇಳಲಾಗದು’ ಎಂದು ಬರೆದು ಕಳಿಸುತ್ತಾರೆ. ಇನ್ನೊಂದು ನಷ್ಟವೂ ಇದೆ. ಸ್ಟೀರಾಯ್ಡ್‌ಗೆ ಬಗ್ಗದೆ ಉಳಿದ ಕೋಶಗಳು ಔಷಧಿಯನ್ನು ಹೊರಕ್ಕೆ ತಳ್ಳುವ ಪಂಪುಗಳನ್ನು ಬೆಳೆಸಿಕೊಂಡಿರಬಹುದು. ಹಾಗಾಗಿ ಮೊದಲೇ ವಾರಗಟ್ಟಲೆ ಸ್ಟೀರಾಯ್ಡ್ ತಿಂದ ನಾಯಿಗಳಲ್ಲಿ ಕೀಮೋದ ಫಲ ಕಡಿಮೆ ದಿನ ನಿಲ್ಲುತ್ತದೆ.

ಗಂಟಲ ಬಳಿಯ ಗಂಟು ಒತ್ತಿ ಉಸಿರು ಕಟ್ಟುತ್ತಿದ್ದರೆ ಕಾಯುವ ಹಾಗಿಲ್ಲ ನಿಜ. ಆದರೆ ಸೂಜಿ ಹಾಕಿ ನಾಲ್ಕು ಸ್ಲೈಡ್ ಮಾಡಲು ಐದು ನಿಮಿಷ ಸಾಕು. ಮೊದಲು ಸೂಜಿ, ಆಮೇಲೆ ಸ್ಟೀರಾಯ್ಡ್. ರಕ್ತದ ಕ್ಯಾಲ್ಸಿಯಂ ಏರಿದ್ದರೂ ಇದೇ ಕ್ರಮ: ಸಲೈನ್ ಹಚ್ಚಿ, ಮಾದರಿ ತೆಗೆದು, ನಂತರ ಉಳಿದದ್ದು.

ಉಣ್ಣೆ ಜ್ವರ ಅಲ್ಲ ತಾನೇ?

ಕೈಗೆ ಸಿಕ್ಕ ಗಂಟು ಎಂದರೆ ಊದಿದ ದುಗ್ಧಗ್ರಂಥಿ. ನಮ್ಮ ಕಡೆ ಈ ಗ್ರಂಥಿ ಊದಲು ಕ್ಯಾನ್ಸರೇ ಬೇಕಿಲ್ಲ. ರಕ್ತ ಹೀರುವ ಉಣ್ಣೆಯಿಂದ (ಉಣುಗು) ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಕರ್ನಾಟಕದ ನಾಯಿಗಳಲ್ಲಿ ತೀರ ಸಾಮಾನ್ಯ. ಅದರಲ್ಲೂ ಗ್ರಂಥಿಗಳು ಊದುತ್ತವೆ, ಗುಲ್ಮ ದೊಡ್ಡದಾಗುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಆದ್ದರಿಂದ ಮೊದಲ ದಿನವೇ ಪೂರ್ಣ ರಕ್ತಪರೀಕ್ಷೆ, ರಕ್ತದ ಸ್ಲೈಡ್, ಎರ್ಲಿಕಿಯಾ ಮತ್ತು ಉಣ್ಣೆಯಿಂದಲೇ ಬರುವ ಬೆಬೀಸಿಯಾ ಪಿಸಿಆರ್‌ಗೆ ರಕ್ತ ತೆಗೆದಿಡಿ.

ಆದರೆ ಇಲ್ಲೊಂದು ಬಲೆಯಿದೆ. ಎರ್ಲಿಕಿಯಾ ಪಾಸಿಟಿವ್ ಬಂತೆಂದು 28 ದಿನದ ಡಾಕ್ಸಿಸೈಕ್ಲಿನ್ ಬರೆದು, ‘ಮುಗಿದ ಮೇಲೆ ಗಂಟು ನೋಡೋಣ’ ಎನ್ನುತ್ತಾರೆ. ಉಣ್ಣೆ ಜ್ವರವೂ ಲಿಂಫೋಮಾವೂ ಒಂದೇ ನಾಯಿಯಲ್ಲಿ ಇರಬಹುದು. ಚಿಕಿತ್ಸೆಯಿಲ್ಲದ ಉಗ್ರ ಲಿಂಫೋಮಾದಲ್ಲಿ ನಾಯಿ ಬದುಕುವುದೇ ನಾಲ್ಕರಿಂದ ಆರು ವಾರ. ಮಾತ್ರೆ ಶುರುಮಾಡಿ, ಬೇಡ ಎನ್ನುವುದಿಲ್ಲ; ಸೂಜಿಯನ್ನು ಮಾತ್ರ ಮುಂದೂಡಬೇಡಿ.

ಸೂಜಿ ಪರೀಕ್ಷೆ: ಕೈಚಳಕವೇ ಅರ್ಧ ಫಲಿತಾಂಶ

ಯಾವ ಗ್ರಂಥಿಗೆ ಸೂಜಿ ಹಾಕಬೇಕು? ದವಡೆಯ ಕೆಳಗಿನದು ಕೈಗೆ ಸುಲಭವಾಗಿ ಸಿಗುತ್ತದೆ, ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ. ಆದರೆ ಹಲ್ಲು ಒಸಡಿನ ಸೋಂಕೆಲ್ಲ ಬಂದು ಸೇರುವುದು ಅಲ್ಲಿಗೆ. ಕ್ಯಾನ್ಸರ್ ಇಲ್ಲದ ಮುದಿ ನಾಯಿಯಲ್ಲೂ ಅದು ಕೆರಳಿರುತ್ತದೆ. ಮಂಡಿಯ ಹಿಂದಿನದು ಅಥವಾ ಭುಜದ ಮುಂದಿನದು ಮೇಲು. ಕನಿಷ್ಠ ಎರಡು ಜಾಗದಿಂದ ತೆಗೆಯಿರಿ. ಅತಿ ದೊಡ್ಡ ಗ್ರಂಥಿಯ ನಡುಭಾಗ ಕೊಳೆತಿರಬಹುದು. ಅದಕ್ಕಿಂತ ತುಸು ಚಿಕ್ಕದನ್ನು ಆರಿಸಿ.

22ರಿಂದ 24 ಗೇಜಿನ ಸೂಜಿ, 5 ಮಿ.ಲೀ. ಸಿರಿಂಜ್. ಸಿರಿಂಜಿನಲ್ಲಿ ಮೊದಲೇ 2–3 ಮಿ.ಲೀ. ಗಾಳಿ ಎಳೆದಿಟ್ಟುಕೊಂಡು, ಪಿಸ್ಟನ್ ಎಳೆಯದೆಯೇ ಸೂಜಿಯನ್ನು ಮರಕುಟಿಗ ಕುಟ್ಟಿದ ಹಾಗೆ ಒಳಗೆ ಹೊರಗೆ ಏಳೆಂಟು ಸಲ ಆಡಿಸಿ, ದಿಕ್ಕು ಬದಲಿಸುತ್ತ. ಲಿಂಫೋಸೈಟುಗಳು ತೀರ ಮೆದು. ಜೋರಾಗಿ ಹೀರಿದರೆ ರಕ್ತ ಬರುತ್ತದೆ, ಕೋಶಗಳು ಒಡೆಯುತ್ತವೆ. ಸೂಜಿ ಹೊರತೆಗೆದು, ಒಳಗಿನ ಗಾಳಿಯಿಂದ ಹನಿಯನ್ನು ಸ್ಲೈಡಿನ ಮೇಲೆ ಬೀಳಿಸಿ. ಇನ್ನೊಂದು ಸ್ಲೈಡನ್ನು ಅದರ ಮೇಲಿಟ್ಟು, ಅದರ ಭಾರಕ್ಕೇ ಹನಿ ಹರಡಲು ಬಿಟ್ಟು, ಒತ್ತದೆ ಒಂದೇ ಸರಾಗದಲ್ಲಿ ಎಳೆಯಿರಿ. ಒತ್ತಿದಿರೋ, ಸೂಕ್ಷ್ಮದರ್ಶಕದಲ್ಲಿ ಕಾಣುವುದು ಕೋಶಗಳಲ್ಲ, ನೇರಳೆ ನೂಲಿನ ಎಳೆಗಳು.

ನಾಲ್ಕರಿಂದ ಆರು ಸ್ಲೈಡ್ ಮಾಡಿ, ಗಾಳಿಗೆ ಬೇಗ ಒಣಗಿಸಿ. ಮಳೆಗಾಲದಲ್ಲಿ ಹೇರ್ ಡ್ರೈಯರಿನ ತಣ್ಣನೆ ಗಾಳಿ ಕೈಹಿಡಿಯುತ್ತದೆ. ಎರಡಕ್ಕೆ ಲೀಶ್ಮನ್ ಅಥವಾ ಜೀಮ್ಸಾ ಬಣ್ಣ ಹಾಕಿ ನೋಡಿ; ಮಾದರಿ ಸಾಲದಿದ್ದರೆ ನಾಯಿ ಇನ್ನೂ ಮೇಜಿನ ಮೇಲಿರುವಾಗಲೇ ಗೊತ್ತಾಗಲಿ. ಉಳಿದವನ್ನು ಬಣ್ಣ ಹಾಕದೆ ಕಳಿಸಿ. ಈ ಸ್ಲೈಡುಗಳನ್ನೂ ತುಂಡು ಕೆಡದಂತೆ ಇಡುವ ಫಾರ್ಮಲಿನ್ ಡಬ್ಬಿಯನ್ನೂ ಒಂದೇ ಪೊಟ್ಟಣದಲ್ಲಿ ಹಾಕಿ ಕೊರಿಯರ್ ಮಾಡುವುದು ಎಲ್ಲೆಡೆ ಕಾಣುವ ತಪ್ಪು. ಮುಚ್ಚಳ ಎಷ್ಟೇ ಬಿಗಿಯಿರಲಿ, ಫಾರ್ಮಲಿನ್ ಆವಿ ಸೋರುತ್ತದೆ. ಅದು ತಾಗಿದ ಸ್ಲೈಡ್ ಮತ್ತೆ ಸರಿಯಾಗಿ ಬಣ್ಣ ಹಿಡಿಯುವುದಿಲ್ಲ, ಎಲ್ಲವೂ ಮಸಕು ನೀಲಿ.

ನೋಡುವಾಗ ಅಳತೆಗೋಲು ನಾಯಿಯ ಕೆಂಪು ರಕ್ತಕಣ. ಅದು ಸುಮಾರು 7 ಮೈಕ್ರಾನ್. ಕೋಶಕೇಂದ್ರ ಒಂದೂವರೆ ಕೆಂಪುಕಣಕ್ಕಿಂತ ಚಿಕ್ಕದಿದ್ದರೆ ‘ಸಣ್ಣ’, ಒಂದೂವರೆಯಿಂದ ಎರಡರವರೆಗೆ ‘ಮಧ್ಯಮ’, ಎರಡನ್ನು ಮೀರಿದರೆ ‘ದೊಡ್ಡ’. ಒಡೆಯದ ಕೋಶಗಳನ್ನು ಮಾತ್ರ ಎಣಿಸಿ, ಏಕೆಂದರೆ ಒಡೆದ ಕೇಂದ್ರ ಊದಿಕೊಂಡು ದೊಡ್ಡದಾಗಿ ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ಕೋಶಗಳು ದೊಡ್ಡವೂ ಒಂದೇ ಅಚ್ಚಿನವೂ ಆಗಿದ್ದರೆ ಅದು ಉಗ್ರ ಲಿಂಫೋಮಾ. ಸಣ್ಣ ಕೋಶಗಳೇ ಬಹುಪಾಲು, ನಡುನಡುವೆ ದೊಡ್ಡವು, ಜೊತೆಗೆ ಪ್ಲಾಸ್ಮಾ ಕೋಶಗಳು ಇದ್ದರೆ ಗ್ರಂಥಿ ಸೋಂಕಿಗೆ ಕೆರಳಿರುವ ಸಾಧ್ಯತೆ ಹೆಚ್ಚು. ಸೂಜಿ ಸೋಲುವುದು ಸಣ್ಣ ಕೋಶದ ಲಿಂಫೋಮಾದಲ್ಲಿ: ಒಂದೊಂದು ಕೋಶವನ್ನು ನೋಡಿದರೆ ಆರೋಗ್ಯವಂತ ಲಿಂಫೋಸೈಟಿನ ಹಾಗೇ ಇರುತ್ತದೆ. ಅಲ್ಲಿ ಗ್ರಂಥಿಯ ಒಳವಿನ್ಯಾಸ ಕೆಟ್ಟಿದೆಯೇ ಎಂದು ನೋಡಬೇಕು. ಅದಕ್ಕೆ ತುಂಡೇ ಬೇಕು.

ತುಂಡು ತೆಗೆಯುವುದಾದರೆ

ಇಡೀ ಗ್ರಂಥಿ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು. ಮಂಡಿ ಹಿಂದಿನದು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆಗದಿದ್ದರೆ 14 ಗೇಜಿನ ಟ್ರೂಕಟ್ ಸೂಜಿಯಲ್ಲಿ ಮೂರು ನಾಲ್ಕು ಎಳೆ. ಇಕ್ಕಳದಿಂದ ಹಿಸುಕಬೇಡಿ, ಹೊರಕವಚ ಸುತ್ತಲೂ ಉಳಿದಿರಲಿ, ಏಕೆಂದರೆ ಕೋಶಗಳು ಅದನ್ನು ದಾಟಿವೆಯೇ ಎಂಬುದೂ ಪೆಥಾಲಜಿಸ್ಟ್ ನೋಡುವ ವಿಷಯ.

ಕತ್ತರಿಸಿದ ಮುಖವನ್ನು ಫಿಲ್ಟರ್ ಪೇಪರಿನಲ್ಲಿ ಒತ್ತಿ ರಕ್ತ ಹೀರಿಸಿ, ಸ್ಲೈಡಿಗೆ ಮೆಲ್ಲಗೆ ತಾಗಿಸಿ ಎರಡು ಮೂರು ಅಚ್ಚು ತೆಗೆಯಿರಿ. ಆಮೇಲೆ ಫಾರ್ಮಲಿನ್. ಬೇಕಿರುವುದು ಶೇ. 10ರ ಬಫರ್ಡ್ ಫಾರ್ಮಲಿನ್: ಅಂಗಡಿಯ ಫಾರ್ಮಲಿನ್ 100 ಮಿ.ಲೀ., ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಇಲ್ಲದ ಹಳೆಯ ಫಾರ್ಮಲಿನ್ ಆಮ್ಲೀಯವಾಗಿ, ತುಂಡಿನ ಮೇಲೆ ಕಂದು ಹರಳು ಕೂರಿಸುತ್ತದೆ. ತುಂಡಿನ ಹತ್ತು ಪಟ್ಟು ದ್ರಾವಣ ಇರಲಿ. ಗ್ರಂಥಿ ಒಂದು ಸೆಂ.ಮೀ.ಗಿಂತ ದಪ್ಪವಿದ್ದರೆ ಬ್ರೆಡ್ಡಿನ ಹಾಗೆ ಸೀಳಿ ಹಾಕಿ. ಇಡಿಯಾಗಿ ಮುಳುಗಿಸಿದರೆ ಹೊರಭಾಗ ಗಟ್ಟಿಯಾಗಿ ನಡುಭಾಗ ಕೊಳೆಯುತ್ತದೆ. ಡಬ್ಬಿಯ ಬಾಯಿ ಅಗಲವಿರಲಿ: ಮೆತ್ತಗಿದ್ದಾಗ ಸಣ್ಣ ಬಾಯಿಯಲ್ಲಿ ತೂರಿಸಿದ ತುಂಡು ಗಟ್ಟಿಯಾದ ಮೇಲೆ ಹೊರಬರುವುದಿಲ್ಲ. ಫ್ರೀಜರಿಗೆ ಇಡಬೇಡಿ. ಒಂದೆರಡು ದಿನದಲ್ಲಿ ಲ್ಯಾಬ್ ತಲುಪಲಿ. ವಾರಗಟ್ಟಲೆ ಫಾರ್ಮಲಿನ್‌ನಲ್ಲಿ ಕುಳಿತ ತುಂಡಿನಲ್ಲಿ ಮುಂದಿನ ಗುರುತು ಪರೀಕ್ಷೆಗಳು ಮಸುಕಾಗುತ್ತವೆ.

ಜೊತೆಯ ಚೀಟಿಯಲ್ಲಿ ತಳಿ, ವಯಸ್ಸು, ಯಾವ ಗ್ರಂಥಿ, ಎಷ್ಟು ದಿನದಿಂದ, ಸ್ಟೀರಾಯ್ಡ್ ಕೊಟ್ಟಿದ್ದರೆ ಯಾವಾಗ ಎಷ್ಟು, ಕ್ಯಾಲ್ಸಿಯಂ ಎಷ್ಟು, ಎಲ್ಲ ಬರೆಯಿರಿ. ‘ಗಡ್ಡೆ, ನಾಯಿ’ ಎಂದಷ್ಟೇ ಬರೆದ ಚೀಟಿಗೆ ಅಷ್ಟೇ ಮೊಟಕಾದ ಉತ್ತರ ಬರುತ್ತದೆ.

ಬಿ ಕೋಶವೋ, ಟಿ ಕೋಶವೋ

ಲಿಂಫೋಸೈಟುಗಳಲ್ಲಿ ಬಿ, ಟಿ ಎಂದು ಎರಡು ಮುಖ್ಯ ಬಗೆ. ಕ್ಯಾನ್ಸರ್ ಯಾವುದರದ್ದು ಎಂಬುದು ಮುಂದಿನ ಪ್ರಶ್ನೆ. ಲ್ಯಾಬಿನಲ್ಲಿರುವ ಪರೀಕ್ಷೆ ಮೂರು, ಮೂರರ ಬಲವೂ ಬೇರೆ ಬೇರೆ.

ಮೊದಲನೆಯದು ತುಂಡಿನ ಮೇಲೆ ಆ್ಯಂಟಿಬಾಡಿ ಬಣ್ಣ ಕಟ್ಟುವುದು. ಟಿ ಕೋಶದ ಗುರುತು ಸಿಡಿ3 ಎಂಬ ಪ್ರೋಟೀನ್. ಬಿ ಕೋಶಕ್ಕೆ ಸಿಡಿ79ಎ, ಸಿಡಿ20, ಪ್ಯಾಕ್ಸ್5, ಇವುಗಳಲ್ಲಿ ಕನಿಷ್ಠ ಎರಡು. ಕೆಲವು ಟಿ ಲಿಂಫೋಮಾಗಳು ಸಿಡಿ79ಎ ಬಣ್ಣವನ್ನೂ ಹಿಡಿದು ದಾರಿ ತಪ್ಪಿಸುವುದರಿಂದ ಒಂದನ್ನೇ ನೆಚ್ಚುವ ಹಾಗಿಲ್ಲ. ಮನುಷ್ಯರ ಲ್ಯಾಬಿನಲ್ಲಿ ಮಾಡಿಸುವವರು ಗಮನಿಸಬೇಕಾದದ್ದು: ಮನುಷ್ಯರಿಗೆ ದಿನವೂ ಬಳಸುವ ಎಲ್26 ಎಂಬ ಸಿಡಿ20 ಆ್ಯಂಟಿಬಾಡಿ ನಾಯಿಯ ಕೋಶವನ್ನು ಗುರುತಿಸುವುದಿಲ್ಲ. ವರದಿ ‘ಸಿಡಿ20 ನೆಗೆಟಿವ್’ ಎಂದು ಬರುತ್ತದೆ, ಬಿ ಲಿಂಫೋಮಾ ಕೈತಪ್ಪುತ್ತದೆ. ಮೊಲದಿಂದ ತಯಾರಾದ ಪಾಲಿಕ್ಲೋನಲ್ ಸಿಡಿ20 ಬೇಕು. ಸಿಡಿ79ಎಗೆ ಎಚ್‌ಎಂ57 ನಾಯಿಯಲ್ಲೂ ಕೆಲಸ ಮಾಡುತ್ತದೆ. ಕಂಟ್ರೋಲ್ ಆಗಿ ಆರೋಗ್ಯವಂತ ನಾಯಿಯ ಗ್ರಂಥಿಯನ್ನೇ ಇಡಬೇಕು, ಮನುಷ್ಯರ ಟಾನ್ಸಿಲ್ ಅಲ್ಲ.

ಎರಡನೆಯದು ಫ್ಲೋ ಸೈಟೋಮೆಟ್ರಿ: ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹರಿಸಿ ಗುರುತು ಓದುವ ಯಂತ್ರಪರೀಕ್ಷೆ. ಇದಕ್ಕೆ ಜೀವಂತ ಕೋಶ ಬೇಕು. 0.9 ಮಿ.ಲೀ. ಸಲೈನಿಗೆ ಅದೇ ನಾಯಿಯ 0.1 ಮಿ.ಲೀ. ಸೀರಮ್ ಸೇರಿಸಿ, ಸೂಜಿಯಲ್ಲಿ ಬಂದದ್ದನ್ನು ಅದರಲ್ಲಿ ಜಾಲಿಸಿ. ದ್ರಾವಣ ಮೋಡ ಕಟ್ಟಿದ ಹಾಗೆ ಮಬ್ಬಾಗುವವರೆಗೆ ನಾಲ್ಕೈದು ಸಲ ಬೇಕಾದೀತು. ಐಸ್ ಪ್ಯಾಕಿಗೆ ನೇರ ತಾಗದಂತೆ ಕಾಗದ ಸುತ್ತಿ, 24 ಗಂಟೆಯಲ್ಲಿ, ತಡವಾದರೆ 48ರೊಳಗೆ ತಲುಪಿಸಿ. ಶನಿವಾರ ಮಧ್ಯಾಹ್ನ ಕಳಿಸಿದ ಮಾದರಿ ಸೋಮವಾರದ ಹೊತ್ತಿಗೆ ಸತ್ತಿರಬಹುದು. ಕೋಶದ ಗಾತ್ರ, ಸಿಡಿ4, ಸಿಡಿ8, ಸಿಡಿ21, ಸಿಡಿ34, ಸಿಡಿ45, ಎಂಎಚ್‌ಸಿ ಕ್ಲಾಸ್ 2 ಎಂಬ ಗುರುತುಗಳು, ಎಲ್ಲವನ್ನೂ ಒಟ್ಟಿಗೆ ಹೇಳುವುದು ಇದೊಂದೇ.

ಮೂರನೆಯದು ಪಾರ್ ಎಂಬ ಪಿಸಿಆರ್. ಎಲ್ಲ ಲಿಂಫೋಸೈಟುಗಳೂ ಒಂದೇ ತಾಯಿಕೋಶದ ಮಕ್ಕಳೇ ಎಂದು ಇದು ಪರೀಕ್ಷಿಸುತ್ತದೆ. ಬಣ್ಣ ಹಾಕಿದ ಹಳೆಯ ಸ್ಲೈಡನ್ನು ಕೆರೆದರೂ ನಡೆಯುತ್ತದೆ, ಅದೇ ಇದರ ದೊಡ್ಡ ಅನುಕೂಲ. ಆದರೆ ‘ಕ್ಯಾನ್ಸರೋ ಅಲ್ಲವೋ’ ಎಂಬ ಪ್ರಶ್ನೆಗೆ ಮಾತ್ರ ಇದನ್ನು ಬಳಸಿ, ಬಿ-ಟಿ ತೀರ್ಮಾನಕ್ಕಲ್ಲ. ಮತ್ತೆ ಅದೇ ಉಣ್ಣೆಯ ಕಾಟ: ಎರ್ಲಿಕಿಯಾ ಇರುವ ನಾಯಿಯಲ್ಲಿ ಕ್ಯಾನ್ಸರ್ ಇಲ್ಲದೆಯೂ ಪಾರ್ ಪಾಸಿಟಿವ್ ಬರಬಹುದು.

ವರದಿಯಲ್ಲಿರುವ ಹೆಸರು ಹೇಳುವುದೇನು

‘ಡಿಫ್ಯೂಸ್ ಲಾರ್ಜ್ ಬಿ-ಸೆಲ್’ ನಾಯಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು. ವೇಗವಾಗಿ ಬೆಳೆಯುತ್ತದೆ, ಆದರೆ ಕೀಮೋಗೆ ಚೆನ್ನಾಗಿ ಬಗ್ಗುತ್ತದೆ. ‘ಪೆರಿಫೆರಲ್ ಟಿ-ಸೆಲ್’ ಮತ್ತು ‘ಟಿ ಲಿಂಫೋಬ್ಲಾಸ್ಟಿಕ್’ ಉಗ್ರವೂ ಹೌದು, ಔಷಧಿಗೆ ಮೊಂಡೂ ಹೌದು. ಬಾಕ್ಸರ್ ತಳಿಯಲ್ಲಿ ಲಿಂಫೋಮಾ ಎಂದರೆ ಬಹುಪಾಲು ಟಿ ಕೋಶದ್ದೇ. ಗೋಲ್ಡನ್ ರಿಟ್ರೀವರ್‌ನಲ್ಲಿ ಬಿ ಮತ್ತು ಟಿ ಹೆಚ್ಚುಕಡಿಮೆ ಸಮ.

ತುಸು ನಿಂತು ಓದಬೇಕಾದ ಹೆಸರು ‘ಟಿ-ಝೋನ್’. ಸಾಮಾನ್ಯವಾಗಿ ವಯಸ್ಸಾದ ನಾಯಿ, ಅದರಲ್ಲೂ ಗೋಲ್ಡನ್. ಗಂಟುಗಳು ತಿಂಗಳುಗಟ್ಟಲೆ ಹಾಗೇ ಇದ್ದರೂ ನಾಯಿ ಗಟ್ಟಿಮುಟ್ಟು. ಸ್ಲೈಡಿನಲ್ಲಿ ಸಣ್ಣ ಕೋಶಗಳು, ಹಲವಕ್ಕೆ ಹಿಡಿಕೆ ಬಂದು ಕೈಗನ್ನಡಿಯ ಆಕಾರ. ಫ್ಲೋದಲ್ಲಿ ಟಿ ಕೋಶವಾಗಿದ್ದೂ ಸಿಡಿ45 ಇಲ್ಲ, ಸಿಡಿ21 ಇದೆ. ಇದು ಸಿಕ್ಕರೆ ಕೀಮೋಗೆ ಅವಸರ ಬೇಡ: ಸುಮ್ಮನೆ ಗಮನಿಸುವುದು, ಅಥವಾ ಗಂಟು ತೊಂದರೆ ಕೊಟ್ಟಾಗ ಕ್ಲೋರಾಂಬ್ಯುಸಿಲ್ ಮತ್ತು ಪ್ರೆಡ್ನಿಸೊಲೋನ್. ‘ಟಿ ಎಂದರೆ ಕೆಟ್ಟದ್ದು’ ಎಂಬ ಗಾದೆಯನ್ನು ನಂಬಿ ಇಂಥ ನಾಯಿಗೆ ಉಗ್ರ ಚಿಕಿತ್ಸೆ ಕೊಡುವುದು, ಇಲ್ಲವೇ ಆಸೆ ಬಿಟ್ಟು ದಯಾಮರಣಕ್ಕೆ ಒಪ್ಪುವುದು, ಎರಡೂ ಹೆಸರು ಸರಿಯಾಗಿ ಓದದ್ದರ ಫಲ.

‘ಮಾರ್ಜಿನಲ್ ಝೋನ್’ ಗುಲ್ಮದಲ್ಲಷ್ಟೇ ಇದ್ದರೆ, ಗುಲ್ಮ ತೆಗೆದ ಮೇಲೆ ನಾಯಿ ವರ್ಷ ದಾಟುವುದು ಸಾಮಾನ್ಯ. ಗ್ರಂಥಿಗಳಲ್ಲಿ ಹರಡಿದ್ದರೆ ಅದೇ ಹೆಸರು ಅಷ್ಟು ಸೌಮ್ಯವಲ್ಲ.

ಹೆಸರೇ ಎಷ್ಟು ನೆಚ್ಚತಕ್ಕದ್ದು? ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವನ್ನು ನಾಯಿಗೆ ಅಳವಡಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 300 ಪ್ರಕರಣಗಳನ್ನು 20 ಪೆಥಾಲಜಿಸ್ಟರು ನೋಡಿದರು. ಅವರಲ್ಲಿ ಮೂವರು ರಕ್ತರೋಗ ತಜ್ಞರು. ಆ ಮೂವರ ಒಮ್ಮತದ ತೀರ್ಮಾನದೊಂದಿಗೆ ಉಳಿದ 17 ಮಂದಿಯ ಉತ್ತರ ಹೊಂದಿದ್ದು ಶೇ. 83ರಷ್ಟು. ಕೆಲವು ಪ್ರಕರಣಗಳನ್ನು ಬೇರೆ ಗುರುತಿನಲ್ಲಿ ಮತ್ತೆ ಕೊಟ್ಟಾಗ ಅದೇ ವ್ಯಕ್ತಿ ತನ್ನದೇ ಮೊದಲ ಉತ್ತರಕ್ಕೆ ಬಂದದ್ದು ಶೇ. 40ರಿಂದ 87. ಆದ್ದರಿಂದ ವರದಿಗೂ ನಾಯಿಯ ಸ್ಥಿತಿಗೂ ತಾಳೆಯಾಗದಿದ್ದರೆ ಬ್ಲಾಕನ್ನು (ಲ್ಯಾಬಿನಲ್ಲಿ ಮೇಣದಲ್ಲಿ ಕೂರಿಸಿಟ್ಟ ತುಂಡು) ಇನ್ನೊಬ್ಬರಿಗೆ ತೋರಿಸಲು ಸಂಕೋಚ ಬೇಡ. ಅದರಿಂದ ಯಾರಿಗೂ ಅವಮಾನವಿಲ್ಲ.

   

ಹಂತ ಅಳೆಯುವುದು

ಒಂದು ಗ್ರಂಥಿ ಮಾತ್ರ ಇದ್ದರೆ ಹಂತ 1. ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಒಂದೇ ಬದಿಯ ಹಲವು ಗ್ರಂಥಿ 2. ಮೈಯೆಲ್ಲ ಹರಡಿದರೆ 3. ಯಕೃತ್ತು ಅಥವಾ ಗುಲ್ಮಕ್ಕೆ ಬಂದರೆ 4. ರಕ್ತ, ಅಸ್ಥಿಮಜ್ಜೆ ಅಥವಾ ಬೇರೆ ಅಂಗಕ್ಕೆ ಬಂದರೆ 5. ನಾಯಿ ಲವಲವಿಕೆಯಿಂದಿದ್ದರೆ ಉಪಹಂತ ‘ಎ’, ಜ್ವರ, ಊಟ ಬಿಡುವುದು, ತೂಕ ಇಳಿಯುವುದು ಇದ್ದರೆ ‘ಬಿ’. ಸಂಖ್ಯೆಗಿಂತ ಈ ಅಕ್ಷರಕ್ಕೇ ತೂಕ ಹೆಚ್ಚು: 3ರಿಂದ 4ಕ್ಕೆ ಹೋದರೆ ಭವಿಷ್ಯ ಅಷ್ಟೇನೂ ಬದಲಾಗದು, ಎಯಿಂದ ಬಿಗೆ ಹೋದರೆ ಬದಲಾಗುತ್ತದೆ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ರಕ್ತ, ಕ್ಯಾಲ್ಸಿಯಂ, ಬಿ-ಟಿ ಪರೀಕ್ಷೆ. ನಂತರ ಮೂರು ಕೋನದ ಎದೆಯ ಎಕ್ಸ್‌ರೇ. ಆಮೇಲೆ ಹೊಟ್ಟೆಯ ಸ್ಕ್ಯಾನ್. ಅಸ್ಥಿಮಜ್ಜೆಯ ಪರೀಕ್ಷೆ ರಕ್ತಕಣಗಳು ಕುಸಿದಾಗ ಅಥವಾ ರಕ್ತದಲ್ಲಿ ವಿಚಿತ್ರ ಕೋಶ ಕಂಡಾಗ.

ಅಂದಾಜು ಕಟ್ಟುವುದು

ಬುಡದ ಸಂಖ್ಯೆ ಹೆಸರಿನಿಂದ ಬರಲಿ. ಉಗ್ರ ಲಿಂಫೋಮಾಕ್ಕೆ ಬರೀ ಪ್ರೆಡ್ನಿಸೊಲೋನ್ ಕೊಟ್ಟರೆ ಒಂದೆರಡು ತಿಂಗಳು. ದೊಡ್ಡ ಬಿ ಕೋಶದ್ದಕ್ಕೆ ನಾಲ್ಕು ಔಷಧಿಗಳ ಚಾಪ್ ಚಿಕಿತ್ಸೆ ಕೊಟ್ಟರೆ ಶೇ. 80–90 ನಾಯಿಗಳಲ್ಲಿ ಗಂಟು ಕರಗುತ್ತದೆ, ಮೀಡಿಯನ್ ಆಯಸ್ಸು ಸುಮಾರು ಒಂದು ವರ್ಷ. ಉಗ್ರ ಟಿ ಕೋಶದ್ದಕ್ಕೆ ಅದೇ ಚಿಕಿತ್ಸೆಯಲ್ಲಿ ಐದರಿಂದ ಎಂಟು ತಿಂಗಳು. ಟಿ-ಝೋನ್‌ಗೆ ಎರಡು ವರ್ಷದ ಆಸುಪಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಆಮೇಲೆ ಕೆಳಕ್ಕೆ ಎಳೆಯುವ ಅಂಶಗಳು: ಉಪಹಂತ ಬಿ, ಹೆಚ್ಚಿದ ಕ್ಯಾಲ್ಸಿಯಂ, ಎದೆಯೊಳಗಿನ ಗಡ್ಡೆ, ರಕ್ತಹೀನತೆ, ಅಸ್ಥಿಮಜ್ಜೆಗೆ ಹರಡಿರುವುದು, ಮೊದಲೇ ಸ್ಟೀರಾಯ್ಡ್ ತಿಂದಿರುವುದು, ಬಿ ಕೋಶದ್ದಾದರೆ ಎಂಎಚ್‌ಸಿ ಕ್ಲಾಸ್ 2 ಕಡಿಮೆ ಇರುವುದು. ಇವನ್ನು ಒಂದೊಂದಾಗಿ ಕೂಡಿಸುತ್ತ ಹೋಗಬೇಡಿ. ಕ್ಯಾಲ್ಸಿಯಂ, ಎದೆಯ ಗಡ್ಡೆ, ಟಿ ಕೋಶ ಮೂರೂ ಹೆಚ್ಚಾಗಿ ಒಂದೇ ಕಾಯಿಲೆಯ ಮೂರು ಮುಖ; ಮೂರು ಸಲ ಎಣಿಸಿದರೆ ಅಂದಾಜು ಅನಗತ್ಯವಾಗಿ ಕರಾಳವಾಗುತ್ತದೆ.

ಮೀಡಿಯನ್ ಎಂದರೆ ಗಡುವಲ್ಲ. ಮೀಡಿಯನ್ 12 ತಿಂಗಳು ಎಂದರೆ ನೂರು ನಾಯಿಗಳಲ್ಲಿ ಐವತ್ತು ಅದಕ್ಕೂ ಮುಂಚೆ ಹೋದವು, ಐವತ್ತು ದಾಟಿದವು. ಬಿ ಕೋಶದ್ದಕ್ಕೆ ಚಾಪ್ ಪಡೆದವುಗಳಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಾಯಿ ಎರಡು ವರ್ಷವನ್ನೂ ದಾಟುತ್ತವೆ. ಇನ್ನೊಂದು ವಿಷಯ: ಈ ಸಂಖ್ಯೆಗಳಲ್ಲಿ ದಯಾಮರಣವೂ ಸೇರಿದೆ, ಮತ್ತು ಅದರ ದಿನವನ್ನು ಕಾಯಿಲೆಯಷ್ಟೇ ಜೇಬೂ ನಿರ್ಧರಿಸುತ್ತದೆ. ಹಳೆಯ ಅಂಕಿಗಳ ಜೊತೆ ಹೋಲಿಸುವಾಗ ಪರೀಕ್ಷೆಯ ಸೂಕ್ಷ್ಮತೆಯನ್ನೂ ನೋಡಿ. ಬರೀ ಕೈಯಿಂದ ಮುಟ್ಟಿ 3 ಎಂದ ನಾಯಿ ಇಂದು ಸ್ಕ್ಯಾನ್ ಮತ್ತು ಫ್ಲೋ ಮಾಡಿಸಿದರೆ 5 ಎನಿಸಿಕೊಳ್ಳಬಹುದು. ನಾಯಿ ಅದೇ, ಕಾಯಿಲೆಯೂ ಅದೇ.

ಮೊದಲ ದಿನದ ಎಲ್ಲ ಲೆಕ್ಕಕ್ಕಿಂತ ದೊಡ್ಡ ಸೂಚಕ ಚಿಕಿತ್ಸೆಗೆ ಸಿಕ್ಕ ಉತ್ತರ. ಅದನ್ನು ಕಣ್ಣಂದಾಜಿನಲ್ಲಿ ಅಲ್ಲ, ಕ್ಯಾಲಿಪರ್ಸ್‌ನಲ್ಲಿ ಅಳೆಯಿರಿ. 20 ಮಿ.ಮೀ.ಗಿಂತ ಉದ್ದವಿರುವ ಐದು ಗ್ರಂಥಿಗಳವರೆಗೆ ಆರಿಸಿ, ಪ್ರತಿಯೊಂದರ ಅತಿ ಉದ್ದದ ಅಳತೆ ಬರೆದು ಕೂಡಿಸಿ. 42, 38, 35, 30, 25 ಇದ್ದರೆ ಮೊತ್ತ 170. ಇದು 119 ಅಥವಾ ಅದಕ್ಕಿಂತ ಕೆಳಗಿಳಿದರೆ, ಅಂದರೆ ಶೇ. 30 ಕುಗ್ಗಿದರೆ, ಭಾಗಶಃ ಉಪಶಮನ. ಎಲ್ಲ ಗ್ರಂಥಿಯೂ ಸಹಜ ಗಾತ್ರಕ್ಕೆ ಬಂದರೆ ಪೂರ್ಣ. ಇಳಿದ ಕನಿಷ್ಠ ಮೊತ್ತದಿಂದ ಶೇ. 20 ಏರಿದರೆ ಕಾಯಿಲೆ ಮರಳಿದೆ. ಅಳೆಯುವವರು ಪ್ರತಿ ಸಲ ಒಬ್ಬರೇ ಆಗಿರಲಿ. ಕೈ ಬದಲಾದರೆ ಮೂರು ನಾಲ್ಕು ಮಿ.ಮೀ. ಸುಮ್ಮನೆ ಬದಲಾಗುತ್ತದೆ. ನಾಲ್ಕೈದು ವಾರದಲ್ಲಿ ಪೂರ್ಣ ಉಪಶಮನ ಸಿಗದಿದ್ದರೆ, ಹೆಸರು ಎಷ್ಟೇ ಒಳ್ಳೆಯದಿರಲಿ, ಮನೆಯವರ ಜೊತೆ ಮೊದಲಿನ ಅಂದಾಜನ್ನು ತಿದ್ದಿ ಮಾತಾಡಬೇಕು.

ಗಂಟು ಮರಳಿದಾಗ ಮತ್ತೆ ಸೂಜಿ ಹಾಕಿ, ಹಳೆಯ ವರದಿಯನ್ನೇ ನೆಚ್ಚಬೇಡಿ. ಊದಿದ್ದು ಸೋಂಕಿನಿಂದಲೂ ಇರಬಹುದು. ಸಣ್ಣ ಕೋಶದ ಕಾಯಿಲೆ ದೊಡ್ಡ ಕೋಶದ್ದಾಗಿ ಹೊರಳಿರಲೂಬಹುದು. ಹಳೆಯ ಸ್ಲೈಡ್ ಮತ್ತು ಬ್ಲಾಕಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕಳಿಸಿದರೆ ಪೆಥಾಲಜಿಸ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.